ಕುದುರೆ ಲಾಳದ ಉಂಗುರ

ಬೆಲ್ಟು, ಚಾಕು, ಕೀ ಗೊಂಚಲು, ಮೊಬೈಲು. ಮ್ಯಾಗ್ನೆಟೋಮೀಟರ್ ಹೊರುವ ಮುಂಚೆ ಮೈಮೇಲಿನ ಕಬ್ಬಿಣವನ್ನೆಲ್ಲ ಟೆಂಟಲ್ಲಿ ಬಿಟ್ಟು ಬರಬೇಕು. ನಾನು ಒಂದನ್ನು ಬಿಟ್ಟು ಬಂದಿರಲಿಲ್ಲ. ಗ್ಲೌಸ್ ಒಳಗೆ, ನಡುಬೆರಳಲ್ಲಿ, ಕುದುರೆ ಲಾಳದ ಉಂಗುರ. ಶನಿ ಕಾಟ ಕಳೀಲಿ ಅಂತ ಅವ್ವ ಹಾಕಿಸಿದ್ದು.

ಜಾಗ ಕೆನಡಾದ ಉತ್ತರಕ್ಕಿರುವ ಡೆವನ್ ದ್ವೀಪ. ಜನವಸತಿ ಇಲ್ಲದ ದ್ವೀಪಗಳಲ್ಲಿ ಪ್ರಪಂಚಕ್ಕೇ ದೊಡ್ಡದು. ಅಲ್ಲಿ ಹಾಟನ್ ಅನ್ನೋ ಕುಳಿ. ಎರಡು ಕೋಟಿ ವರ್ಷಕ್ಕೂ ಹಿಂದೆ ಆಕಾಶದಿಂದ ಬಂದ ಬಂಡೆ ಅಪ್ಪಳಿಸಿ ಆದದ್ದು, ಅಗಲ ಸುಮಾರು 23 ಕಿಲೋಮೀಟರ್. ಒಂದು ಮರ ಇಲ್ಲ. ಎಲ್ಲಿ ನೋಡಿದರೂ ಬೂದು ಬಣ್ಣದ ಕಲ್ಲು. ಮಂಗಳ ಗ್ರಹದ ಹಾಗಿದೆ ಅಂತ ನಾಸಾ ನೆರವಿನ ತಂಡಗಳು 1997ರಿಂದ ಬರುತ್ತಿವೆ. ನಾನು ಹೋಗಿದ್ದು ಬೇರೆ ಒಂದು ಸಣ್ಣ ತಂಡದ ಜೊತೆ. ಉಪಕರಣದ ಡಾಟಾ ಓದೋ ಸಾಫ್ಟ್‌ವೇರ್ ನಂದು, ಅದಕ್ಕೇ ಕರಕೊಂಡು ಹೋದ್ರು. ಅವ್ವನಿಗೆ 'ಬೋರ್‌ವೆಲ್ ಪಾಯಿಂಟ್ ನೋಡೋರ ಥರದ ಕೆಲಸ' ಅಂದಿದ್ದೆ. "ಅಲ್ಲೂ ನೀರಿಲ್ವೇನ್ಲಾ?" ಅಂದ್ಲು. ನೆಲ ಅಗೆದರೆ ಬರೀ ಐಸು ಅಂತ ಹೇಳಿದರೆ ನಂಬಲಿಲ್ಲ.

ಕುಳಿಯ ನಡುವೆ ಭೂಮಿಯ ಕಾಂತಕ್ಷೇತ್ರ ಸುತ್ತಲಿಗಿಂತ ಕೆಲವು ನೂರು ನ್ಯಾನೋಟೆಸ್ಲಾ ಜಾಸ್ತಿ. ಬಂಡೆ ಬಿದ್ದ ಮೇಲೆ ಒಳಗೆ ಹರಿದಾಡಿದ ಬಿಸಿನೀರು ಕಲ್ಲನ್ನೇ ಬದಲಿಸಿದ್ದು ಕಾರಣ ಅನ್ನೋದು ಒಂದು ವಾದ. ಅಲ್ಲಿಯ ಒಟ್ಟು ಕ್ಷೇತ್ರ 50,000ಕ್ಕೂ ಹೆಚ್ಚು ನ್ಯಾನೋಟೆಸ್ಲಾ. ಅದರಲ್ಲಿ ಈ ಸಣ್ಣ ಏರಿಳಿತ ಹಿಡಿಯಲು ಸೆನ್ಸರ್ ಕಟ್ಟಿದ ಕೋಲು ಹಿಡಿದು ಸಾಲು ಸಾಲಾಗಿ ನಡೀಬೇಕು, ಹೊಲ ಉತ್ತ ಹಾಗೆ. ಹಿಮಕರಡಿ ಬಂದರೆ ಅಂತ ಕೋವಿ ಹಿಡಿದವನೊಬ್ಬ ಜೊತೆಗೆ ಬರ್ತಾನೆ. ಆದರೆ ಕೋವಿಯೂ ಉಕ್ಕು ತಾನೇ? ಅವನು ದೂರದಲ್ಲೇ ಇರಬೇಕು. ಮಂಜು ಕವಿದಾಗ ಅವನು ಕಾಣೋದೂ ಇಲ್ಲ.

ಮೊದಲ ದಿನದ ಗ್ರಾಫು ಹಲ್ಲು ಹಲ್ಲಾಗಿ ಬಂತು. ಗರಗಸದ ಹಾಗೆ. ನನ್ನ ಕೋಡಲ್ಲೇ ಬಗ್ ಇದೆ ಅಂತ ಎರಡು ಗಂಟೆ ಕೂತು ಹುಡುಕಿದೆ. ಅಥವಾ ಹುಡುಕೋ ನಾಟಕ ಮಾಡಿದೆ. ಏರಿಳಿತ ನನ್ನ ಹೆಜ್ಜೆಯ ಲಯದಲ್ಲೇ ಇತ್ತು. ಟೀಮಿನ ಹಿರಿಯ ಭೂವಿಜ್ಞಾನಿ ಕಾಫಿ ಕೊಡೋಕೆ ಬಂದವರು ನನ್ನ ಕೈ ನೋಡಿದರು. "ಅದು ಬೆಳ್ಳೀದಾ?"

"ಕಬ್ಬಿಣ. ಮರೆತಿದ್ದೆ," ಅಂದೆ.

ಮರೆತಿರಲಿಲ್ಲ. ಬೆಳಿಗ್ಗೆ ಗ್ಲೌಸ್ ಹಾಕುವಾಗ ಮಂಜಿತ್ತು. ಉಂಗುರ ಮುಟ್ಟಿ ನೋಡಿಕೊಂಡೇ ಹೊರಟಿದ್ದೆ. ಬಿಇ ಓದಿದವನು, ಹತ್ತು ವರ್ಷ ಸಾಫ್ಟ್‌ವೇರಲ್ಲಿ ಇದ್ದವನು. ಏನನ್ಕೊಂಡಾರು ಅಂತ ಬಾಯಿ ಬರಲಿಲ್ಲ. ಅವರೇನೂ ಅನ್ನಲಿಲ್ಲ. ಆ ದಿನದ ಡಾಟಾ ಪೂರ್ತಿ ಅಳಿಸಿದರು, ಅಷ್ಟೆ. ಐದು ಜನರ ಒಂದು ದಿನ.

ಬೆರಳು ಊದಿಕೊಂಡಿತ್ತು, ಸೋಪು ಹಚ್ಚಿ ತೆಗೆದೆ. ಮಾರನೇ ದಿನ ಅದೇ ಸಾಲುಗಳು, ಅದೇ ಮಂಜು. ಒಂದು ಬಿಳೀ ಕಲ್ಲು ಅಲ್ಲಾಡಿದ ಹಾಗಾಗಿ ಎರಡು ಸಲ ನಿಂತೆ. ಕಲ್ಲೇ. ಬೆರಳಲ್ಲಿ ಉಂಗುರದ ಜಾಗ ಮಾತ್ರ ತಣ್ಣಗಿತ್ತು. ಸಂಜೆ ಗ್ರಾಫು ನುಣ್ಣಗೆ ಬಂತು, ನಡುವಿನ ಉಬ್ಬು ಚೆನ್ನಾಗಿ ಕಾಣಿಸ್ತು.

ಭಾನುವಾರ ಸ್ಯಾಟಲೈಟ್ ಫೋನಲ್ಲಿ ಎರಡು ನಿಮಿಷ ಸಿಕ್ಕಿತು. "ಉಂಗ್ರ ಐತೇನ್ಲಾ ಮಗಾ?"

"ಐತೆ ಕಣವ್ವ," ಅಂದೆ. ಇತ್ತು. ಬ್ಯಾಗಲ್ಲಿ, ಕಾಲುಚೀಲದೊಳಗೆ.