ನೆಗೆಟಿವ್ ಎಂಬ ಮಾತೃಕೆ

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಹೇಳುವ ಜೈನ ಪರಂಪರೆ ಗ್ರಂಥದ ಪ್ರತಿ ಮಾಡಿಸುವುದನ್ನು ಪುಣ್ಯಕಾರ್ಯವೆಂದು ಬಗೆಯಿತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯನ್ನು ನಾಡು ಇಂದಿಗೂ ನೆನೆಯುತ್ತದೆ. ಓಲೆಯಿಂದ ಓಲೆಗೆ ನಡೆದ ಆ ಕೆಲಸ ಈಗ ಫಿಲ್ಮಿನಿಂದ ಗಣಕಕ್ಕೆ ನಡೆಯಬೇಕಾಗಿದೆ. ಲಿಪಿಕಾರನ ಸ್ಥಾನದಲ್ಲಿ ಸ್ಕ್ಯಾನರ್ ಬಂದು ಕುಳಿತಿದೆ.

ಸಂಶೋಧಕಿಯೊಬ್ಬರಿಗೆ ತಮ್ಮ ಗುರುಗಳ ಮನೆಯಿಂದ ಮೂರು ತಗಡಿನ ಡಬ್ಬಿಗಳು ಬಂದವು. ಗುರುಗಳು 1970ರ ದಶಕದಲ್ಲಿ ಊರೂರು ಅಲೆದು ತೆಗೆದ ನಿಸಿದಿಗಲ್ಲುಗಳ ಕಪ್ಪು-ಬಿಳುಪು ನೆಗೆಟಿವ್‌ಗಳು ಅವುಗಳಲ್ಲಿದ್ದವು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ನಿಸಿದಿ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕದ ಎರಡನೆಯ ಸಂಪುಟದಲ್ಲಿ ಅಚ್ಚಾಗಿ ವಿದ್ವಾಂಸರ ಕೈಸೇರಿದವು. ಹೊಲದ ಬದುವಿನ ಒಂಟಿ ಕಲ್ಲುಗಳಿಗೆಲ್ಲ ಆ ಭಾಗ್ಯವಿರಲಿಲ್ಲ. ಗುರುಗಳು ಕಂಡ ಕಲ್ಲುಗಳಲ್ಲಿ ಒಂದು ಬಾವಿಯ ಮೆಟ್ಟಿಲಾಗಿ ಸವೆದಿದೆ. ಇನ್ನೊಂದು ಇದ್ದ ಜಾಗದಲ್ಲೇ ಇಲ್ಲ. ಇಂಥವಕ್ಕೆ ಈ ಫಿಲ್ಮೇ ಮಾತೃಕೆ. ಡಬ್ಬಿಯೊಂದನ್ನು ತೆರೆದಾಗ ವಿನೆಗರಿನ ಹುಳಿವಾಸನೆ ಬಂದಿತು. ಅಸಿಟೇಟ್ ಫಿಲ್ಮು ಶಿಥಿಲವಾಗತೊಡಗಿದುದರ ಗುರುತದು. ತಂಪಾದ, ಒಣ ಜಾಗದಲ್ಲಿರಿಸಿದರೆ ಆ ಕ್ಷಯ ನಿಧಾನವಾಗುತ್ತದೆ, ನಿಲ್ಲುವುದಿಲ್ಲ.

ಸ್ಕ್ಯಾನರಿನ ಆಯ್ಕೆ ಸುಲಭವಾಗಿರಲಿಲ್ಲ. 35 ಮಿ.ಮೀ. ಫಿಲ್ಮಿಗೆಂದೇ ಮಾಡಿದ ಯಂತ್ರ ಸೂಕ್ಷ್ಮವಾಗಿ ಗ್ರಹಿಸುತ್ತದೆ. ಆದರೆ ಡಬ್ಬಿಯಲ್ಲಿದ್ದ ಅಗಲವಾದ 120 ಫಿಲ್ಮು ಅದರೊಳಗೆ ಹೋಗದು. ಮುಚ್ಚಳದಲ್ಲಿ ಬೆಳಕಿರುವ ಫ್ಲಾಟ್‌ಬೆಡ್ ಎರಡನ್ನೂ ಸ್ವೀಕರಿಸುತ್ತದೆ. ಆದರೆ ಅದರ ಪೆಟ್ಟಿಗೆಯ ಮೇಲೆ ಅಚ್ಚಾದ 6400 ಡಿಪಿಐ ಎಂಬ ಅಂಕಿಗೂ ನಿಜವಾಗಿ ದೊರೆಯುವ ಸ್ಪಷ್ಟತೆಗೂ ಬಹಳ ಅಂತರ. ಮ್ಯಾಕ್ರೋ ಮಸೂರದ ಡಿಜಿಟಲ್ ಕ್ಯಾಮೆರಾ ವೇಗವಾಗಿ ಕೆಲಸ ಮುಗಿಸುತ್ತದೆ. ಕ್ಯಾಮೆರಾ ಫಿಲ್ಮಿಗೆ ಸಮಾನಾಂತರವಾಗಿಲ್ಲದಿದ್ದರೆ ಅಂಚಿನ ಅಕ್ಷರಗಳು ಮಸುಕಾಗುತ್ತವೆ. ಅಂಗಡಿಯವರು ಹೊಗಳಿದ, ಅತಿಗೆಂಪು ಕಿರಣದಿಂದ ಧೂಳನ್ನು ಗುರುತಿಸುವ ಸೌಲಭ್ಯ ಇಲ್ಲಿ ನಿರುಪಯುಕ್ತ. ಕಪ್ಪು-ಬಿಳುಪು ಫಿಲ್ಮಿನ ಬೆಳ್ಳಿ ಆ ಕಿರಣವನ್ನು ತಡೆಯುವುದರಿಂದ ಚಿತ್ರವೇ ಧೂಳೆಂದು ಎಣಿಕೆಯಾಗುತ್ತದೆ.

ನಿರ್ಣಯಕ್ಕೆ ನೆರವಾದದ್ದು ಒಂದು ಬಿಂದು. ಈಗ ಕಾಣೆಯಾಗಿರುವ ಕಲ್ಲಿನ ನೆಗೆಟಿವ್ ಇದ್ದ ಲಕೋಟೆಯ ಮೇಲೆ, ಸಲ್ಲೇಖನ ಕೈಗೊಂಡವರ ಹೆಸರಿನ ಪಕ್ಕ, ಗುರುಗಳು ‘ಅನುಸ್ವಾರ?’ ಎಂದು ಬರೆದಿದ್ದರು. ಅನುಸ್ವಾರವೊಂದರಿಂದ ಹೆಸರೇ ಬೇರೆಯಾಗಬಹುದು. ಫ್ಲಾಟ್‌ಬೆಡ್ಡಿನ ತಂತ್ರಾಂಶದ ಧೂಳುನಿವಾರಣೆಯನ್ನು ಚಾಲನೆಗೊಳಿಸಿ ಸ್ಕ್ಯಾನ್ ಮಾಡಿದಾಗ ಕಲ್ಲು ನುಣುಪಾಗಿ ಕಂಡಿತು, ಬಿಂದು ಇರಲಿಲ್ಲ. ಅದನ್ನು ನಿಲ್ಲಿಸಿ ಮಾಡಿದಾಗ ಬಿಂದು ಮರಳಿತು. ಅದು ಧೂಳೇ ಆಗಿರಬಹುದಲ್ಲವೇ? ಅದೇ ಕಲ್ಲನ್ನು ಓರೆಬೆಳಕಿನಲ್ಲಿ ತೆಗೆದ ಇನ್ನೊಂದು ಚೌಕಟ್ಟಿತ್ತು. ಎರಡು ಚೌಕಟ್ಟುಗಳಲ್ಲಿ ಧೂಳು ಒಂದೇ ಅಕ್ಷರದ ಪಕ್ಕ ಕೂರುವುದು ಅಸಂಭವ. ಬಿಂದು ಅಲ್ಲಿಯೂ ಇತ್ತು. ಎರಡು ಪ್ರತಿಗಳನ್ನು ಹೋಲಿಸಿ ಪಾಠವನ್ನು ಪರೀಕ್ಷಿಸುವ ಗ್ರಂಥಸಂಪಾದನೆಯ ಹಳೆಯ ಕ್ರಮವೇ ಇಲ್ಲಿಯೂ ಕೈಹಿಡಿಯಿತು. ಅದು ಉಳಿಯ ಗುರುತೋ ಕಲ್ಲಿನ ಸಹಜ ಕುಳಿಯೋ ಎಂಬುದು ಇನ್ನೂ ನಿರ್ಧಾರವಾಗಿಲ್ಲ. ಆದರೆ ಯಂತ್ರದ ನುಣುಪನ್ನು ನಂಬಿದ್ದರೆ ಆ ಪ್ರಶ್ನೆಯೇ ಅಳಿದುಹೋಗುತ್ತಿತ್ತು.

ಕೊನೆಗೆ ಕೊಂಡದ್ದು 120 ಫಿಲ್ಮಿಗೂ ಒದಗುವ ಫ್ಲಾಟ್‌ಬೆಡ್ಡನ್ನು. ಅದರಲ್ಲಿ 2400 ಡಿಪಿಐಗೆ 36×24 ಮಿ.ಮೀ. ಚೌಕಟ್ಟೊಂದು ಸುಮಾರು 3400×2270 ಪಿಕ್ಸೆಲ್ಲುಗಳಾಗುತ್ತದೆ. ಆಳವಾಗಿ ಕೆತ್ತಿದ ಸಾಲುಗಳನ್ನು ಓದಲು ಅಷ್ಟು ಸಾಕೆನಿಸಿತು. ಸಂದೇಹವಿರುವ ಚೌಕಟ್ಟುಗಳನ್ನು ಮಾತ್ರ ಮ್ಯಾಕ್ರೋ ಮಸೂರದಿಂದ ಮತ್ತೆ ತೆಗೆಯುವುದೆಂದಾಯಿತು. ಹುಳಿವಾಸನೆಯ ಡಬ್ಬಿಯನ್ನು ಬೇರೆಯಿರಿಸಿ ಮೊದಲು ಅದನ್ನೇ ಕೈಗೆತ್ತಿಕೊಳ್ಳಲಾಯಿತು. ಕಡತಗಳು 16 ಬಿಟ್ಟಿನ ಟಿಫ್ ರೂಪದಲ್ಲಿ, ಯಾವ ತಿದ್ದುಪಡಿಯೂ ಇಲ್ಲದೆ ಉಳಿದಿವೆ. ಫಿಲ್ಮಿನ ಮಬ್ಬು ಬದಿ ಯಾವುದೆಂದು ಪ್ರತಿಸಲವೂ ನೋಡಿಕೊಳ್ಳಬೇಕು. ಮಗುಚಿ ಇಟ್ಟರೆ ಶಾಸನ ಕನ್ನಡಿಯ ಬಿಂಬವಾಗುತ್ತದೆ.

ಪ್ರತಿಯೊಂದು ಚಿತ್ರದ ಜೊತೆಗೆ ಅದರ ಲಕೋಟೆಯನ್ನೂ ಸ್ಕ್ಯಾನ್ ಮಾಡಲಾಗುತ್ತಿದೆ. ಗುರುಗಳ ಪ್ರಶ್ನಾರ್ಥಕ ಚಿಹ್ನೆಯೂ ಆ ಪಾಠದ ಒಂದು ಭಾಗ.