ಗುಣವಾಗದವನ ಕಥೆ

ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದ ಒಂದು ಶ್ರಾವಕ ಕುಟುಂಬದಲ್ಲಿ 1959ರಲ್ಲಿ ಹುಟ್ಟಿದ ಹುಡುಗನಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಜ್ವರ ಬಂದಿತು. ನಾಲ್ಕು ದಿನಗಳಲ್ಲಿ ಜ್ವರ ಇಳಿಯಿತು. ಎಡಗಾಲು ಮಾತ್ರ ಮತ್ತೆ ಏಳಲಿಲ್ಲ. ಪೋಲಿಯೊ ಎಂಬ ಹೆಸರನ್ನು ಮನೆಯವರು ಕೇಳಿದ್ದು ಎಷ್ಟೋ ತಿಂಗಳ ಮೇಲೆ, ದುರ್ಗದ ವೈದ್ಯರ ಬಾಯಿಂದ. ಬಾಯಿಗೆ ಹನಿ ಹಾಕುವ ಲಸಿಕೆ ಹಳ್ಳಿಗಳನ್ನು ಮುಟ್ಟುವ ಕಾಲ ಇನ್ನೂ ದೂರವಿತ್ತು.

ಆ ಕಾಲಿನ ಆರೈಕೆ ಅಜ್ಜಿಯ ಪಾಲಿಗೆ ಬಂದಿತು. ಸಂಜೆ ಎಣ್ಣೆ ನೀವಿದ ಮೇಲೆ, ಬಸದಿಯಿರುವ ಊರಿಗೆ ಹೋಗಿಬಂದ ಬಂಧುಗಳು ಸಣ್ಣ ಹಿತ್ತಾಳೆಯ ಗಿಂಡಿಯಲ್ಲಿ ತಂದುಕೊಟ್ಟ ಗಂಧೋದಕವನ್ನು ಆಕೆ ಬೆರಳ ತುದಿಯಿಂದ ಮೊಣಕಾಲಿಗೆ ಹಚ್ಚುತ್ತಿದ್ದರು. ಹಚ್ಚುವಾಗ ಹೇಳುತ್ತಿದ್ದುದು ಯಾವಾಗಲೂ ಒಂದೇ ಕಥೆ: ಶ್ರೀಪಾಲ ಮೈನಾಸುಂದರಿಯರದು. ಕರ್ಮಫಲವನ್ನು ತಂದೆಯೂ ಬದಲಿಸಲಾರ ಎಂದ ಮಗಳ ಮೇಲೆ ಮುನಿದು ಉಜ್ಜಯಿನಿಯ ಅರಸ ಆಕೆಯನ್ನು ಕುಷ್ಠರೋಗಿಗೆ ಧಾರೆ ಎರೆದದ್ದು, ಆಕೆ ಸಿದ್ಧಚಕ್ರದ ಆರಾಧನೆ ಮಾಡಿ ಗಂಧೋದಕವನ್ನು ಪತಿಯ ಮೈಮೇಲೆ ಚಿಮುಕಿಸಿದ್ದು, ಅವನೂ ಅವನ ಜೊತೆಗಿದ್ದ ಏಳುನೂರು ರೋಗಿಗಳೂ ಗುಣಮುಖರಾದದ್ದು. ಜೈನ ಮನೆಗಳಲ್ಲಿ ಈ ಕಥೆ ಕೇಳದ ಮಗು ವಿರಳ. ಆದರೆ ಅದನ್ನು ತನ್ನದೇ ಮೊಣಕಾಲಿನ ಮೇಲೆ ಕೇಳಿದ ಮಗು ಇನ್ನೂ ವಿರಳವೆನ್ನಬೇಕು.

ಹುಡುಗ ನಂಬಿದ. ಏಳನೆಯ ವಯಸ್ಸಿನಲ್ಲಿ, ಕಾರ್ತಿಕದ ಅಷ್ಟಾಹ್ನಿಕದಲ್ಲಿ, ಎಂಟು ದಿನಗಳನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೀರಿ ಎಣಿಸಿದ. ಮುಗಿದ ಮರುದಿನ ಬೆಳಿಗ್ಗೆ ಯಾರೂ ಏಳುವ ಮೊದಲು ಹಾಸಿಗೆ ಬಿಟ್ಟು, ಗೋಡೆ ಹಿಡಿಯದೆ ನಿಲ್ಲಲು ಹೋಗಿ, ಒಲೆಯ ಬಳಿ ಬಿದ್ದ. ಹಣೆ ಒಡೆದದ್ದಕ್ಕೆ ಬೇರೆ ಕಾರಣ ಹೇಳಿದ. ಗಂಧೋದಕದ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ, ಕಥೆಯ ಮೇಲೂ ಬರಲಿಲ್ಲ. ತನ್ನ ಭಕ್ತಿ ಸಾಲದು, ಇಲ್ಲವೇ ತನ್ನ ಪಾಪ ಆ ಏಳುನೂರು ಜನರ ಪಾಪಕ್ಕಿಂತ ಹೆಚ್ಚಿನದು ಎಂದು ತೀರ್ಮಾನಿಸಿದ. ಈ ತೀರ್ಮಾನವನ್ನು ಅಜ್ಜಿಗೆ ಹೇಳಲಿಲ್ಲ. ಅಜ್ಜಿ ತೀರಿಕೊಳ್ಳುವವರೆಗೂ ಹೇಳಲಿಲ್ಲ.

ಆತ ಮುಂದೆ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾದರು. ಮೂರೂವರೆ ದಶಕ ಜಿಲ್ಲೆಯ ಬೇರೆಬೇರೆ ಹಳ್ಳಿಗಳಲ್ಲಿ ಊರುಗೋಲಿನ ಆಸರೆಯಲ್ಲಿ ನಿಂತು ಪಾಠ ಹೇಳಿ 2019ರಲ್ಲಿ ನಿವೃತ್ತರಾದರು. ಎರಡು ವರ್ಷಗಳ ತರುವಾಯ ಪೇಟೆಯ ಒಂದು ಬಸದಿಯ ಟ್ರಸ್ಟಿನವರು, ಭಾನುವಾರದ ಪಾಠಶಾಲೆಯ ಮಕ್ಕಳಿಗಾಗಿ ಒಂದು ಬೀರುವಿನಷ್ಟು ಪುಸ್ತಕಗಳನ್ನು ಆರಿಸಿಕೊಡಬೇಕೆಂದು ಅವರನ್ನು ಕೇಳಿಕೊಂಡರು. ಆ ಪಾಠಶಾಲೆಗೆ ಒಂಬತ್ತು ವರ್ಷದ ಒಬ್ಬ ಬಾಲಕಿ ಬರುತ್ತಿದ್ದಳು. ಹುಟ್ಟುವಾಗ ಮೆದುಳಿಗಾದ ಪೆಟ್ಟಿನಿಂದ ಅವಳ ಕೈಕಾಲುಗಳು ಬಿಗಿದುಕೊಂಡಿದ್ದವು, ಮಾತು ತಡೆದು ಬರುತ್ತಿತ್ತು. ಬುದ್ಧಿ ಮಾತ್ರ ಚುರುಕು. ಅವಳ ತಾಯಿ ಒಂದು ದಿನ ಮೇಷ್ಟ್ರನ್ನು ಬದಿಗೆ ಕರೆದು ಒಂದು ಮಾತು ಕೇಳಿಕೊಂಡರು: "ಶ್ರೀಪಾಲನ ಕಥೆಯ ಪುಸ್ತಕ ಮಾತ್ರ ಇಡಬೇಡಿ, ಮೇಷ್ಟ್ರೇ. ಹೋದ ವರ್ಷದಿಂದ ಮಗು ದಿನಾ ಗಂಧೋದಕ ಕೇಳುತ್ತಾಳೆ."

ಐವತ್ತೈದು ವರ್ಷ ಯಾರಿಗೂ ಹೇಳದೆ ಉಳಿಸಿಕೊಂಡಿದ್ದ ಸಂಗತಿಯೊಂದು ಹೀಗೆ ಇನ್ನೊಬ್ಬರ ಬಾಯಿಂದ ಅವರಿಗೆ ಕೇಳಿಸಿತು.

ಪುಸ್ತಕ ಆರಿಸುವ ಕೆಲಸ ಅಂದಿನಿಂದ ಹಗುರವಾಗಿ ಉಳಿಯಲಿಲ್ಲ. ಮೇಷ್ಟ್ರು ತಮ್ಮ ಬಾಲ್ಯದಿಂದ ಓದಿದ, ಓದಿಸಿದ ಕಥೆಗಳನ್ನೆಲ್ಲ ಒಂದೊಂದಾಗಿ ನೆನಪಿಗೆ ತಂದುಕೊಂಡರು. ಶಾಲೆಯ ದಿನಗಳಲ್ಲಿ ಕುಂಟನಿಗೆ ಒಂದಿಷ್ಟು ಕೆಲಸವಿದ್ದ ಕಥೆ ಅವರಿಗೆ ದೊರೆತದ್ದು ಒಂದೇ: ಕಾಡ್ಗಿಚ್ಚಿನಲ್ಲಿ ಕುರುಡನ ಹೆಗಲೇರಿ ದಾರಿ ತೋರಿಸುವ ಕುಂಟನದು. ನಮ್ಮ ಆಚಾರ್ಯರೂ ಜ್ಞಾನ ಮತ್ತು ಕ್ರಿಯೆಗಳ ಸಂಬಂಧವನ್ನು ತಿಳಿಸಲು ಈ ದೃಷ್ಟಾಂತವನ್ನು ಬಳಸಿದ್ದಾರೆ. ದೃಷ್ಟಾಂತವಾಗಿ ಅದು ನಿರ್ದುಷ್ಟ. ಆದರೆ ಕಾಡು ದಾಟಿದ ಮೇಲೆ ಆ ಇಬ್ಬರೂ ಎಲ್ಲಿಗೆ ಹೋದರು, ಏನು ಉಂಡರು, ಅವರವರಲ್ಲಿ ಜಗಳವಾಯಿತೇ ಎಂದು ಯಾರೂ ಹೇಳುವುದಿಲ್ಲ. ಅರ್ಥವನ್ನು ಹೊತ್ತು ತಂದ ಕೂಡಲೇ ಅವರ ಕೆಲಸ ಮುಗಿಯಿತು. ಯಶೋಧರನ ಕಥೆಯನ್ನು ಪಾಠಶಾಲೆಗಳಲ್ಲಿ ಹೇಳುವುದು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯನ್ನು ತಿಳಿಸಲೆಂದು. ಆದರೆ 1209ರಲ್ಲಿ ಜನ್ನನು ಬರೆದ ಆ ಕಾವ್ಯದ ಅಷ್ಟಾವಂಕನ ವಿಕಾರ ದೇಹವೂ ಕಥೆಯ ಜೊತೆಗೇ ಬರುತ್ತದೆ, ಮತ್ತು ಡೊಂಕು ಮೈ ಎಂದರೆ ಹೇಸಿಗೆ ಎಂಬ ಭಾವ ಯಾರೂ ಕಲಿಸದೆಯೇ ಮಗುವಿನ ಮನಸ್ಸಿನಲ್ಲಿ ಕೂರುತ್ತದೆ. ಮಕ್ಕಳಿಗೆ ಹೇಳುವವರು ಇಲ್ಲಿ ಎಚ್ಚರ ವಹಿಸಬೇಕಾದದ್ದು ನ್ಯಾಯ.

ನಿರ್ವಿಚಿಕಿತ್ಸಾ ಅಂಗಕ್ಕೆ ಉದಾಹರಣೆಯಾದ ಉದ್ದಾಯನ ಮಹಾರಾಜನ ಕಥೆಯ ಬಳಿಗೆ ಬಂದಾಗ ಮೇಷ್ಟ್ರು ಬಹಳ ಹೊತ್ತು ನಿಂತರು. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಈ ಅರಸನನ್ನೇ ಹೆಸರಿಸುತ್ತಾರೆ. ಕುಷ್ಠದಿಂದ ನಾರುವ ಮುನಿಯೊಬ್ಬರು ಆಹಾರಕ್ಕೆ ಬಂದು, ಉಂಡದ್ದನ್ನೆಲ್ಲ ಅರಸನ ಮೇಲೆಯೇ ಕಾರಿದಾಗ, ಅರಸನು ಮೂಗು ಮುಚ್ಚಲಿಲ್ಲ. ತಾನು ಕೊಟ್ಟ ಆಹಾರದಲ್ಲೇ ದೋಷವಿತ್ತೇನೋ ಎಂದು ಮರುಗಿ ತನ್ನ ಕೈಯಿಂದಲೇ ಮುನಿಯ ಮೈ ತೊಳೆದ. ಇದಕ್ಕಿಂತ ಉತ್ತಮ ನಡತೆಯ ಪಾಠ ಆರೋಗ್ಯವಂತ ಮಕ್ಕಳಿಗೆ ಬೇರೊಂದಿಲ್ಲ. ಆದರೆ ರೋಗಿಯಾದ ಮಗು ಅದೇ ಕಥೆಯನ್ನು ಕೇಳಿದರೆ? ಕೊನೆಯಲ್ಲಿ ಮುನಿ ಮುನಿಯೇ ಅಲ್ಲ, ಪರೀಕ್ಷಿಸಲು ಬಂದ ದೇವ. ವೇಷ ಕಳಚಿ ದಿವ್ಯರೂಪ ತೋರಿ ಹೊರಟುಹೋಗುತ್ತಾನೆ. ಗೆದ್ದವನು ಅರಸ. ನಿಜವಾಗಿ ರೋಗವಿದ್ದವನು ಕಥೆಯಲ್ಲಿ ಇರಲೇ ಇಲ್ಲ.

ಹೊರನಾಡಿನ ಪುಸ್ತಕಗಳೂ ಈ ವಿಷಯದಲ್ಲಿ ಮೇಲೇನಲ್ಲ ಎಂಬುದನ್ನು ಹೇಳದಿದ್ದರೆ ನಮ್ಮ ಕಥೆಗಳಿಗೆ ಅನ್ಯಾಯವಾದೀತು. ಸ್ವಿಟ್ಜರ್ಲೆಂಡಿನ ಯೋಹಾನಾ ಸ್ಪೀರಿ 1880ರ ಸುಮಾರಿನಲ್ಲಿ ಬರೆದ 'ಹೈಡಿ'ಯಲ್ಲಿ ಗಾಲಿಕುರ್ಚಿಯ ಕ್ಲಾರಾ ಬೆಟ್ಟದ ಗಾಳಿ ಮತ್ತು ಆಡಿನ ಹಾಲಿನಿಂದ ಎದ್ದು ನಡೆಯುತ್ತಾಳೆ. 1911ರ 'ದಿ ಸೀಕ್ರೆಟ್ ಗಾರ್ಡನ್' ಕಾದಂಬರಿಯ ಕಾಲಿನ್ ಕೂಡ ತೋಟದಲ್ಲಿ ಎದ್ದು ಓಡುತ್ತಾನೆ. ಅಲ್ಲಿ ಗಂಧೋದಕದ ಬದಲು ತೋಟ ಮತ್ತು ಬೆಟ್ಟ, ಅಷ್ಟೇ. ಕಾಲು ಬಾರದೆ ಉಳಿದವನು ಪುಸ್ತಕದ ಕೊನೆಯ ಪುಟವನ್ನು ತಲುಪುವುದು ಅಲ್ಲಿಯೂ ಕಷ್ಟ.

ಜಪಾನಿನ ತೆತ್ಸುಕೊ ಕುರೊಯನಾಗಿ 1981ರಲ್ಲಿ ಪ್ರಕಟಿಸಿದ 'ತೊತ್ತೊಚಾನ್' ಮೇಷ್ಟ್ರ ಕೈಗೆ ಸೇವೆಯ ನಡುವಿನ ವರ್ಷಗಳಲ್ಲಿ ಬಂದಿತ್ತು. ನ್ಯಾಷನಲ್ ಬುಕ್ ಟ್ರಸ್ಟಿನ ದೆಸೆಯಿಂದ ಅದು ಕನ್ನಡದಲ್ಲಿಯೂ ದೊರೆಯುತ್ತದೆ. ಕಟ್ಟುಕಥೆಯಲ್ಲ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಟೋಕಿಯೋದಲ್ಲಿದ್ದ, 1945ರ ಬಾಂಬು ದಾಳಿಯಲ್ಲಿ ಸುಟ್ಟುಹೋದ ತೊಮೊಯೆ ಎಂಬ ಶಾಲೆಯ ನೆನಪುಗಳು. ಅಲ್ಲಿ ಯಾಸುವಾಕಿ ಎಂಬ ಪೋಲಿಯೊ ತಗುಲಿದ ಹುಡುಗನಿದ್ದ. ಶಾಲೆಯ ಪ್ರತಿ ಮಗುವಿಗೂ ಹತ್ತಲು ಒಂದು ಸ್ವಂತ ಮರ. ಅವನೊಬ್ಬನಿಗೆ ಮಾತ್ರ ಇಲ್ಲ. ತೊತ್ತೊಚಾನ್ ಮನೆಯವರಿಗೆ ತಿಳಿಸದೆ ಅವನನ್ನು ತನ್ನ ಮರಕ್ಕೆ ಆಹ್ವಾನಿಸಿ, ಜವಾನನ ಕೊಟ್ಟಿಗೆಯಿಂದ ಏಣಿ ಎಳೆದು ತರುತ್ತಾಳೆ. ಮೊದಲ ಏಣಿಯಿಂದ ಆಗುವುದಿಲ್ಲ. ಎರಡನೆಯದನ್ನು ತರುತ್ತಾಳೆ. ಬೆವರು ಸುರಿಸಿ, ತಳ್ಳಿ, ಎಳೆದು ಅವನನ್ನು ಕೊಂಬೆಗೆ ಹತ್ತಿಸುತ್ತಾಳೆ. ಮೇಲೆ ಕುಳಿತು ಇಬ್ಬರೂ ಟೆಲಿವಿಷನ್ ಎಂಬ ಹೊಸ ಪೆಟ್ಟಿಗೆಯ ಬಗ್ಗೆ ಮಾತಾಡುತ್ತಾರೆ. ಹತ್ತಿದ ಮೇಲೆ ಅವನ ಕಾಲು ಗುಣವಾಗುವುದಿಲ್ಲ. ಮರ ಹತ್ತಿದ, ಇಳಿದ, ಅಷ್ಟೇ ವಿಷಯ.

ಅದೇ ಶಾಲೆಯಲ್ಲಿ ಬೆಳವಣಿಗೆ ನಿಂತ ಕುಳ್ಳ ದೇಹದ ತಕಾಹಾಶಿ ಎಂಬ ಹುಡುಗನೂ ಇದ್ದ. ಮುಖ್ಯೋಪಾಧ್ಯಾಯ ಕೊಬಾಯಾಶಿಯವರು ಕ್ರೀಡಾದಿನದ ಆಟಗಳನ್ನು ಅವನಂಥ ಮೈಯವನೇ ಗೆಲ್ಲುವಂತೆ ರೂಪಿಸಿದ್ದರು. ಹಾಗೆಂದು ಯಾರಿಗೂ ಸಾರಿ ಹೇಳಲಿಲ್ಲ. ಒಮ್ಮೆ ಒಬ್ಬ ಉಪಾಧ್ಯಾಯಿನಿ ಪಾಠದ ನಡುವೆ ಹಾಸ್ಯಕ್ಕೆಂದು ಅವನಿಗೆ ಬಾಲವಿದೆಯೇ ಎಂದು ಕೇಳಿಬಿಟ್ಟರು. ಕೊಬಾಯಾಶಿಯವರು ಆಕೆಯನ್ನು ತರಾಟೆಗೆ ತೆಗೆದುಕೊಂಡದ್ದು ಸಭೆಯಲ್ಲಲ್ಲ, ಮಕ್ಕಳ ಎದುರಿನಲ್ಲಲ್ಲ, ಅಡುಗೆಮನೆಯಲ್ಲಿ. ಮೇಷ್ಟ್ರು ಈ ಪುಟಕ್ಕೆ ಬಂದಾಗಲೆಲ್ಲ ಪುಸ್ತಕ ಮುಚ್ಚಿ ಕೆಲಹೊತ್ತು ಸುಮ್ಮನಿರುತ್ತಿದ್ದರು. ಅವರ ಬಾಲ್ಯದ ತರಗತಿಯಲ್ಲಿ ಅಂಥ ಹಾಸ್ಯಗಳಿಗೆ ಕೊರತೆಯಿರಲಿಲ್ಲ. ಅಂಥ ಅಡುಗೆಮನೆ ಇರಲಿಲ್ಲ.

ಯಾಸುವಾಕಿ ಪುಸ್ತಕ ಮುಗಿಯುವ ಮೊದಲೇ ಸಾಯುತ್ತಾನೆ. ಕೊನೆಯ ಪುಟ ಅವನಿಗೂ ದೊರೆಯಲಿಲ್ಲ. ಬದುಕಿ ದೊಡ್ಡವರಾದವರ ಪುಸ್ತಕವನ್ನು ಹುಡುಕಿದಾಗ, ಬೆಂಗಳೂರಿನ ಮಾಲತಿ ಹೊಳ್ಳರ ಕುರಿತು ಸೌಮ್ಯಾ ರಾಜೇಂದ್ರನ್ ಬರೆದು ಚೆನ್ನೈನ ತೂಲಿಕಾ ಸಂಸ್ಥೆ ಹೊರತಂದ 'ವಿಂಗ್ಸ್ ಟು ಫ್ಲೈ' ಸಿಕ್ಕಿತು. ಶೈಶವದಲ್ಲೇ ಪೋಲಿಯೊಗೆ ತುತ್ತಾಗಿ, ಗಾಲಿಕುರ್ಚಿಯಲ್ಲಿಯೇ ಕ್ರೀಡಾಪಟುವಾಗಿ 2001ರಲ್ಲಿ ಪದ್ಮಶ್ರೀ ಪಡೆದವರು ಅವರು. ಅದನ್ನು ಬೀರುವಿಗೆ ಸೇರಿಸಿದರೂ ಮೇಷ್ಟ್ರಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಪದಕ ಗೆಲ್ಲದವರೂ ಬದುಕುತ್ತಾರಲ್ಲ? 1995ರ ಅಂಗವಿಕಲರ ಕಾಯಿದೆ ಗುರುತಿಸಿದ್ದು 7 ಬಗೆಯ ವೈಕಲ್ಯಗಳನ್ನು. 2016ರ ಕಾಯಿದೆ 21ನ್ನು ಗುರುತಿಸಿತು. ಕಾನೂನು ಇಷ್ಟು ದೂರ ಬಂದರೂ ಕಥೆಗಳು ಬಹುಮಟ್ಟಿಗೆ ಕುಂಟ, ಕುರುಡ, ಕಿವುಡರಲ್ಲೇ ನಿಂತಿವೆ.

ಟ್ರಸ್ಟಿನ ಸಭೆಯಲ್ಲಿ ಪಟ್ಟಿಯನ್ನು ಓದಿದಾಗ ಹಿರಿಯ ಸದಸ್ಯರೊಬ್ಬರು ಆಕ್ಷೇಪಿಸಿದರು. ಸಿದ್ಧಚಕ್ರದ ಮಹಿಮೆಯನ್ನು ಸಾರುವ ಪುಸ್ತಕವನ್ನು ಬಸದಿಯ ಬೀರುವಿನಿಂದ ಹೊರಗಿಡುವುದೇ? ಶ್ರದ್ಧೆಗೆ ಭಂಗವಲ್ಲವೇ? ಮಗುವಿನ ನೋವು ದೊಡ್ಡದೇ, ಆದರೆ ಅಸಾತಾವೇದನೀಯ ಕರ್ಮದ ಉದಯವನ್ನು ಮಗುವಿಗೆ ಈಗಿನಿಂದಲೇ ತಿಳಿಸುವುದು ತಪ್ಪೇ? ಅವರ ಮಾತು ಕಠಿಣವಾಗಿ ಕೇಳಿಸಿದರೂ ದುರುದ್ದೇಶದ್ದಲ್ಲ, ಸಿದ್ಧಾಂತವೂ ಸುಳ್ಳಲ್ಲ.

ಮೇಷ್ಟ್ರು ಸಿದ್ಧಾಂತದಿಂದಲೇ ಉತ್ತರಿಸಿದರು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾತಿ ಆಚಾರ್ಯರು ಅಸಾತಾವೇದನೀಯದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ, ದುಃಖ, ಶೋಕ, ಪರಿತಾಪ, ಅಳುವಿಕೆ ಇವನ್ನು ತನ್ನಲ್ಲಾಗಲಿ ಪರರಲ್ಲಾಗಲಿ ಉಂಟುಮಾಡುವುದನ್ನು ಸೇರಿಸಿದ್ದಾರೆ. ಒಂಬತ್ತು ವರ್ಷದ ಮಗುವಿಗೆ ಇದು ನಿನ್ನ ಹಿಂದಿನ ಪಾಪ ಎಂದು ಹೇಳಿ ಅಳಿಸಿದರೆ, ಆ ಮಗುವಿನ ಕರ್ಮದ ಲೆಕ್ಕ ನಮಗೆ ತಿಳಿಯದು. ಹೇಳಿದವನ ಲೆಕ್ಕ ಮಾತ್ರ ಸೂತ್ರದಲ್ಲಿ ಸ್ಪಷ್ಟವಾಗಿದೆ. ಕರ್ಮಸಿದ್ಧಾಂತ ತನ್ನ ನಡತೆಯನ್ನು ತೂಗಿನೋಡಲು ಇರುವ ತಕ್ಕಡಿಯೇ ಹೊರತು ಪಕ್ಕದವನ ಮೈಯನ್ನು ತೂಗಲು ಅಲ್ಲ. ಸಭೆಯಲ್ಲಿ ಕೆಲಹೊತ್ತು ಮೌನವಿತ್ತು. ಬಳಿಕ ಹಿರಿಯರು, "ಹಾಗಾದರೆ ಶ್ರೀಪಾಲ ಬೇಡವೇ ಬೇಡವೋ?" ಎಂದು ಕೇಳಿದರು. ದನಿಯಲ್ಲಿ ಜಗಳವಿರಲಿಲ್ಲ. ಅವರ ಮನೆಯಲ್ಲಿಯೂ ಯಾರಿಗೋ ಏನೋ ಇದ್ದಿರಬೇಕು ಎಂದು ಮೇಷ್ಟ್ರಿಗೆ ಅನ್ನಿಸಿತು.

ಬೇಕು ಎಂದೇ ಮೇಷ್ಟ್ರು ಹೇಳಿದರು, ತಾಯಿಯ ಒಪ್ಪಿಗೆ ಪಡೆದು, ಆದರೆ ಒಂಟಿಯಾಗಿ ಅಲ್ಲ. ಹತ್ತನೆಯ ಶತಮಾನದ ನಮ್ಮ ವಡ್ಡಾರಾಧನೆಯ 19 ಕಥೆಗಳಲ್ಲಿ ಸನತ್ಕುಮಾರ ಚಕ್ರವರ್ತಿಯ ಕಥೆಯೂ ಒಂದು. ರೂಪಕ್ಕೆ ಹೆಸರಾದ ಚಕ್ರವರ್ತಿ ರೂಪ ಮಾಸಿದ್ದನ್ನು ಕಂಡು ವಿರಕ್ತನಾಗಿ ಮುನಿಯಾದ ಮೇಲೆ ರೋಗಗಳು ಮುತ್ತುತ್ತವೆ: ತುರಿ, ಜ್ವರ, ಕೆಮ್ಮು, ಕಣ್ಣುನೋವು, ಹೊಟ್ಟೆನೋವು. ದೇವನೊಬ್ಬ ವೈದ್ಯನ ವೇಷದಲ್ಲಿ ಬಂದು ಗುಣಪಡಿಸುವೆನೆನ್ನುತ್ತಾನೆ. ಸನತ್ಕುಮಾರ ಮುನಿ ಬೇಡವೆನ್ನುತ್ತಾರೆ. ಹುಟ್ಟುಸಾವುಗಳ ರೋಗಕ್ಕೆ ಮದ್ದಿದ್ದರೆ ಕೊಡು ಎನ್ನುತ್ತಾರೆ. ಇಲ್ಲಿಯೂ ದೇವನ ವೇಷವಿದೆ, ಆದರೆ ಈ ಸಲ ವೇಷ ವೈದ್ಯನದು, ರೋಗ ನಿಜವಾದದ್ದು. ಉದ್ದಾಯನನ ಕಥೆಯಲ್ಲಿ ಕಾಣೆಯಾದ ರೋಗಿ ಇಲ್ಲಿ ಕಥೆಯ ನಡುವೆ ಕುಳಿತು ಮಾತಾಡುತ್ತಾರೆ. ಸಾವಿರ ವರ್ಷಗಳಿಂದ ಈ ಕಥೆ ನಮ್ಮ ಮನೆಯಲ್ಲೇ ಇದೆ. ಮಕ್ಕಳಿಗೆ ಯೋಗ್ಯವಾದ ಚಿತ್ರಗಳೊಡನೆ, ದೊಡ್ಡ ಅಕ್ಷರಗಳಲ್ಲಿ ಅದನ್ನು ಅಚ್ಚು ಹಾಕಿಸುವ ಕೆಲಸ ಯಾವ ಟ್ರಸ್ಟಿಗೂ ಭಾರವಾಗಲಾರದು.

ಮುಂದಿನ ಭಾನುವಾರ ಮೇಷ್ಟ್ರು ಎರಡೂ ಕಥೆಗಳನ್ನು ಹೇಳಿದರು. ಸನತ್ಕುಮಾರನ ಕಥೆಯಲ್ಲಿ ಮಕ್ಕಳಿಗೆ ಹಿಡಿಸಿದ್ದು ವೈದ್ಯನ ವೇಷ. ಆ ಬಾಲಕಿ ಮಾತ್ರ ಹಿಂದಿನ ಕಥೆಯಲ್ಲೇ ಉಳಿದಿದ್ದಳು. ಎಲ್ಲರೂ ಎದ್ದು ಹೋದ ಮೇಲೆ, ಪದಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುತ್ತ ಕೇಳಿದಳು: "ಅಜ್ಜಾ, ಶ್ರೀಪಾಲನಿಗೆ ಗುಣ ಆಗದಿದ್ದರೆ ಮೈನಾಸುಂದರಿ ಬಿಟ್ಟು ಹೋಗುತ್ತಿದ್ದಳಾ?"

ಅಷ್ಟು ವರ್ಷಗಳಲ್ಲಿ ಮೇಷ್ಟ್ರಿಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಕಥೆಯನ್ನು ಅವರು ಮನಸ್ಸಿನಲ್ಲಿಯೇ ಮೊದಲಿನಿಂದ ನಡೆಸಿ ನೋಡಿದರು. ಮದುವೆಯ ದಿನ ಆಕೆಗೆ ಸಿದ್ಧಚಕ್ರದ ವಿಷಯ ತಿಳಿದಿರಲಿಲ್ಲ. ಮುನಿಗಳು ಇನ್ನೂ ಉಪದೇಶಿಸಿರಲಿಲ್ಲ.

"ಇಲ್ಲ ಮಗಳೇ. ಅವನ ಪಕ್ಕದಲ್ಲಿ ಬಂದು ಕೂತಳಲ್ಲ, ಆಗ ಅವನಿಗೆ ಗುಣ ಆಗುತ್ತದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ."

ಬಾಲಕಿ ಸ್ವಲ್ಪ ಯೋಚಿಸಿದಳು. ಆಮೇಲೆ ಬೀರುವಿನ ಕಡೆ ಕೈ ತೋರಿಸಿ, ಏಣಿಯ ಪುಸ್ತಕ ಮನೆಗೆ ಒಯ್ಯಬಹುದೇ ಎಂದು ಕೇಳಿದಳು. ಮೇಷ್ಟ್ರು ಊರುಗೋಲು ಎತ್ತಿಕೊಂಡು, ಎದ್ದು, ಬೀರುವಿನ ಬೀಗ ತೆಗೆದರು.