ಏಳನೇ ಐರನ್ನಿನ ಆಯಸ್ಸು

ಗಾಲ್ಫ್ ಆಡುವವರು ಇಬ್ಬರು ಮೂವರು ಆಟ ಮುಗಿಸಿ ಕಾಫಿಗೆ ಕೂತರೆ ಈ ಮಾತು ಬಂದೇ ಬರುತ್ತದೆ: ಐರನ್ ಸೆಟ್ ಎಷ್ಟು ವರ್ಷಕ್ಕೊಮ್ಮೆ ಬದಲಿಸಬೇಕು? ಒಬ್ಬರು ಮೂರು ವರ್ಷ ಎನ್ನುತ್ತಾರೆ, ಇನ್ನೊಬ್ಬರು ಐದು. ಮತ್ತೊಬ್ಬರು, ಇಪ್ಪತ್ತು ವರ್ಷದ ಸೆಟ್ಟಿನಲ್ಲೇ ಆಡಿ ಎಲ್ಲರನ್ನೂ ಸೋಲಿಸುವ ಯಾರೋ ಕರ್ನಲ್ ಸಾಹೇಬರ ಕತೆ ತೆಗೆಯುತ್ತಾರೆ. ಕಾಫಿ ಆರಿದರೂ ಮಾತು ಆರುವುದಿಲ್ಲ. ನನಗೆ ಈ ಹರಟೆ ಬಲು ಪ್ರೀತಿ. ವರ್ಷದ ಲೆಕ್ಕ ಹಿಡಿದು ಹೊರಟರೆ ಈ ಪ್ರಶ್ನೆಗೆ ಉತ್ತರ ಸಿಗದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸೆಟ್ಟಿನ ಯಾವ ಭಾಗ ಸವೆದಿದೆ, ಆಡುವವರ ಮೈ ಎಷ್ಟು ಬದಲಾಗಿದೆ ಎಂದು ನೋಡಬೇಕು.

ನನ್ನ ಬ್ಯಾಗಿನ ಸೆವೆನ್ ಐರನ್ನನ್ನೇ ತೆಗೆದುಕೊಳ್ಳಿ. ಮೆತ್ತನೆಯ ಕಾರ್ಬನ್ ಉಕ್ಕನ್ನು ಬಡಿದು ಮಾಡಿದ, ಫೋರ್ಜ್ಡ್ ಎನ್ನುವ ಜಾತಿಯದು. ಬೆಳಗಿನ ಬಿಸಿಲಿಗೆ ಓರೆಯಾಗಿ ಹಿಡಿದರೆ ಮುಖದ ತುದಿ ಈಗಲೂ ಅಂಗಡಿಯಿಂದ ಬಂದಾಗಿನಂತೆ ಹೊಳೆಯುತ್ತದೆ. ನಡುವೆ, ಹಿಡಿಯ ಕಡೆಗೆ ತುಸು ಸರಿದು, ಮಂಕಾದ ಒಂದು ಗುಂಡು ಗುರುತಿದೆ. ಅಲ್ಲಿ ಉಗುರಾಡಿಸಿದರೆ ಕೆಳಗಿನ ಮೂರು ಗೆರೆಗಳ ಅಂಚು ಮೊಂಡಾಗಿರುವುದು ತಿಳಿಯುತ್ತದೆ. ಮೇಲಿನ ಗೆರೆಗಳಲ್ಲಿ ಉಗುರು ಇನ್ನೂ ಸಿಕ್ಕಿಕೊಳ್ಳುತ್ತದೆ. ತಳದ ಕ್ರೋಮಿಯಂ ಲೇಪ ನಮ್ಮ ಕೆಂಪು ಮಣ್ಣಿಗೆ ಉಜ್ಜಿ ಉಜ್ಜಿ ಹೋಗಿದೆ. ಮಳೆಗಾಲದಲ್ಲಿ ಒರೆಸದೆ ಇಟ್ಟರೆ ಬೆಳಗಾಗುವಷ್ಟರಲ್ಲಿ ಅಲ್ಲಿ ತುಕ್ಕಿನ ಕಂದು ಕಾಣಿಸಿಕೊಳ್ಳುತ್ತದೆ. ಹಳೇ ಬನಿಯನ್ ಬಟ್ಟೆಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ತಿಕ್ಕುವುದು ನನಗೆ ಆಟದಷ್ಟೇ ಹಿತವಾದ ಕೆಲಸ.

ಸವೆತದ ಗುರುತೆಂದರೆ ಬೆನ್ ಹೋಗನ್ ನೆನಪಾಗದೆ ಇರುವುದಿಲ್ಲ. 1949ರ ಫೆಬ್ರುವರಿಯಲ್ಲಿ ಅವರ ಕಾರಿಗೆ ಬಸ್ಸು ಗುದ್ದಿ, ಬದುಕಿದ್ದೇ ಹೆಚ್ಚು ಎನ್ನುವಂತಾಗಿತ್ತು. ಮರುವರ್ಷ ಮೆರಿಯನ್ ಮೈದಾನದಲ್ಲಿ ಯು.ಎಸ್. ಓಪನ್. ಕಾಲಿಗೆ ಪಟ್ಟಿ ಸುತ್ತಿಕೊಂಡು, ಒಂದೇ ದಿನ 36 ಹೋಲ್ ಆಡಿ, ಕೊನೆಯ ಹೋಲಿನಲ್ಲಿ ಒನ್ ಐರನ್ ಹಿಡಿದು ಚೆಂಡನ್ನು ಗ್ರೀನಿಗೆ ಮುಟ್ಟಿಸಿದರು. ಆ ಹೊಡೆತ ಮುಗಿದ ಗಳಿಗೆಯ ಭಂಗಿಯನ್ನು ಹೈ ಪೆಸ್ಕಿನ್ ಹಿಂದಿನಿಂದ ಹಿಡಿದ ಫೋಟೊ ಗಾಲ್ಫ್ ಆಡುವ ಎಲ್ಲರ ಕಣ್ಣಲ್ಲೂ ಇದೆ. ಮರುದಿನದ ಪ್ಲೇಆಫ್ ಗೆದ್ದು ಪದಕವೂ ಅವರದಾಯಿತು. ಆ ಒನ್ ಐರನ್ ಮಾತ್ರ ಕಳುವಾಯಿತು. ಮತ್ತೆ ಬೆಳಕಿಗೆ ಬಂದದ್ದು 1983ರಲ್ಲಿ. ಅದು ಅದೇ ಎಂದು ನಂಬಿಸಿದ್ದರಲ್ಲಿ ಮುಖದ ಸವೆತಕ್ಕೂ ಪಾಲಿತ್ತು: ಒಂದೇ ಜಾಗದಲ್ಲಿ ನಾಣ್ಯದಷ್ಟಗಲ ಸವೆದಿತ್ತು, ಉಳಿದ ಮುಖಕ್ಕೆ ಚೆಂಡು ತಾಗಿದ ಹಾಗೇ ಇರಲಿಲ್ಲ. ಅಷ್ಟು ಕಡೆದ ಹೊಡೆತ ನಮ್ಮಂಥವರಿಗೆ ಬರುವುದಲ್ಲ. ಆದರೆ ನನ್ನ ಐರನ್ನಿನ ಗುಂಡು ಗುರುತನ್ನು ನೋಡುವಾಗಲೆಲ್ಲ ಆ ಫೋಟೊ ಕಣ್ಣಿಗೆ ಕಟ್ಟುತ್ತದೆ.

ಮೊದಲು ಸೋಲುವುದು ಕಬ್ಬಿಣವಲ್ಲ, ಗ್ರಿಪ್ಪು. ಬೆವರು, ಬಿಸಿಲು, ಕಾರಿನ ಡಿಕ್ಕಿಯ ಕಾವು ಎಲ್ಲ ಸೇರಿ ರಬ್ಬರು ಗಟ್ಟಿಯಾಗಿ, ಹೆಬ್ಬೆರಳು ಕೂರುವ ಜಾಗ ಹಳೇ ಹವಾಯಿ ಚಪ್ಪಲಿಯ ಹಿಮ್ಮಡಿಯ ಹಾಗೆ ನುಣ್ಣಗಾಗುತ್ತದೆ. ನನ್ನ ಜೊತೆ ಆಡುವ, ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಹೊಸ ಸೆಟ್ ಕೊಳ್ಳಲು ದುಡ್ಡು ಕೂಡ ಎತ್ತಿಟ್ಟಿದ್ದರು. ಅವರ ಕ್ಯಾಡಿ ಒಂದು ದಿನ ಕ್ಲಬ್ಬು ಕೈಗೆ ಕೊಡುವಾಗ ಮೆಲ್ಲಗೆ ಹೇಳಿದ: “ಸಾರ್, ಗ್ರಿಪ್ ಹೋಗಿದೆ ಸಾರ್. ಜಾರುತ್ತೆ ಅಂತ ನೀವು ಬಿಗಿ ಹಿಡೀತೀರಿ, ಭುಜ ಸೆಟೆದುಕೊಳ್ಳುತ್ತೆ. ಮೊದಲು ಅದು ಹಾಕಿಸಿ ನೋಡಿ.” ಹಾಕಿಸಿದರು. ಬಲಕ್ಕೆ ಓಡುತ್ತಿದ್ದ ಚೆಂಡು ಎರಡೇ ವಾರದಲ್ಲಿ ನೆಟ್ಟಗಾಯಿತು. ಎತ್ತಿಟ್ಟ ದುಡ್ಡು ಹಾಗೇ ಉಳಿಯಿತು. ವಾರವಾರ ಆಡುವವರು ಗ್ರಿಪ್ಪನ್ನು ವರ್ಷಕ್ಕೊಮ್ಮೆ ಬದಲಿಸಿದರೆ ಅದು ದುಂದಲ್ಲ.

ಇನ್ನು ಗೆರೆಗಳ ವಿಷಯ. ಒಣಗಿದ ಫೇರ್‌ವೇಯಿಂದ ಹೊಡೆಯುವಾಗ ಗೆರೆಗಳಿಗೆ ಅಂಥ ದೊಡ್ಡ ಕೆಲಸವಿಲ್ಲ. ಚೆಂಡಿಗೂ ಮುಖಕ್ಕೂ ನಡುವೆ ಒದ್ದೆ ಹುಲ್ಲು ಸಿಕ್ಕಿದಾಗ, ಆ ನೀರಿಗೂ ಹುಲ್ಲಿನ ರಸಕ್ಕೂ ಸರಿದುಹೋಗಲು ದಾರಿ ಮಾಡಿಕೊಡುವುದು ಅವೇ. ಅಂಚು ಮೊಂಡಾದರೆ ಚೆಂಡು ತಿರುಗದೆ ಜಾರಿ ಹಾರುತ್ತದೆ, ಗ್ರೀನಿನ ಮೇಲೆ ಬಿದ್ದು ನಿಲ್ಲದೆ ಆಚೆ ಓಡುತ್ತದೆ. ಗೆರೆಗಳ ಗಾತ್ರಕ್ಕೂ ಅಂಚಿನ ಚೂಪಿಗೂ ಮಿತಿ ಹಾಕಿ, 2010ರಿಂದ ದೊಡ್ಡ ಪಂದ್ಯಗಳಲ್ಲಿ ಹೊಸ ನಿಯಮವನ್ನೇ ತಂದರು ಎಂದರೆ ಆ ಸಣ್ಣ ಗೆರೆಗಳ ಮಹಿಮೆ ಅರ್ಥವಾದೀತು. ಹಾಗೆಂದು ಇಡೀ ಸೆಟ್ಟಿಗೆ ಹೆದರಬೇಕಿಲ್ಲ. ಬೇಗ ಸವೆಯುವುದು ಮರಳಲ್ಲೂ ಹುಲ್ಲಲ್ಲೂ ದಿನವೂ ದುಡಿಯುವ ವೆಜ್ಜುಗಳು. ಫೋರ್, ಫೈವ್ ಐರನ್ನುಗಳ ಗೆರೆಗಳು ಅದೆಷ್ಟೋ ವರ್ಷ ಹಾಗೇ ಇರುತ್ತವೆ. ಸೆಟ್ಟಿನ ಎಲ್ಲಕ್ಕೂ ಒಂದೇ ಆಯಸ್ಸು ಎಂದು ಲೆಕ್ಕ ಹಾಕುವುದೇ ನನಗೆ ಒಪ್ಪಿಗೆಯಾಗದ ಮಾತು.

ಕಣ್ಣಿಗೆ ಕಾಣದ ಬದಲಾವಣೆಯೂ ಒಂದಿದೆ. ಐರನ್ನಿನ ಮುಖ ಎಷ್ಟು ಹಿಂದಕ್ಕೆ ವಾಲಿದೆ ಎಂಬುದು ಲಾಫ್ಟ್. ಕೋಲು ನೆಲಕ್ಕೆ ಎಷ್ಟು ಓರೆಯಾಗಿ ನಿಲ್ಲುತ್ತದೆ ಎಂಬುದು ಲೈ. ಮೆತ್ತನೆಯ ಉಕ್ಕಿನವು ಡ್ರೈವಿಂಗ್ ರೇಂಜಿನ ಮ್ಯಾಟ್ ಮೇಲೆ, ಅದರಡಿಯ ಸಿಮೆಂಟಿಗೆ ಬಡಿದು ಬಡಿದು, ಒಂದೆರಡು ಡಿಗ್ರಿ ಸರಿದುಬಿಡುತ್ತವೆ. ಲಾಫ್ಟ್ ಒಂದು ಡಿಗ್ರಿ ಸರಿದರೆ ಎರಡು ಮೂರು ಗಜದ ವ್ಯತ್ಯಾಸ. ಎಂಟು ಮತ್ತು ಒಂಬತ್ತು ಒಂದೇ ದೂರಕ್ಕೆ ಹೋಗತೊಡಗಿದರೆ ಆಡುವವರು ತಮ್ಮ ಕೈಯನ್ನು ಬೈದುಕೊಳ್ಳುತ್ತಾರೆ, ಪಾಪ. ಇದನ್ನು ಸರಿಮಾಡುವುದನ್ನು ನೋಡುವುದೇ ಒಂದು ಸೊಗಸು: ಕ್ಲಬ್ಬಿನ ತಲೆಯನ್ನು ಹಿಡಿಕಟ್ಟಿನಲ್ಲಿ ಬಿಗಿದು, ಮಾಪಕದ ಮುಳ್ಳಿನ ಮೇಲೆ ಕಣ್ಣಿಟ್ಟು, ಉದ್ದನೆಯ ಸರಳನ್ನು ಕತ್ತಿಗೆ ಸಿಕ್ಕಿಸಿ ಮಿಸ್ತ್ರಿ ಒಂದೇ ಒಂದು ಹದವಾದ ಎಳೆತ ಎಳೆಯುತ್ತಾನೆ. ಮತ್ತೆ ಅಳತೆ, ಮತ್ತೆ ಕೂದಲೆಳೆಯಷ್ಟು ಎಳೆತ. ಅರ್ಧ ಗಂಟೆಯಲ್ಲಿ ಇಡೀ ಸೆಟ್ ಮತ್ತೆ ಲಯಕ್ಕೆ ಬರುತ್ತದೆ.

ಅಂಗಡಿಗೆ ಹೋಗಿ ಹೊಸ ಸೆವೆನ್ ಐರನ್ನಿನಲ್ಲಿ ಹೊಡೆದು ನೋಡಿದವರು ಕಣ್ಣರಳಿಸಿಕೊಂಡು ಬರುವುದನ್ನು ಕಂಡಿದ್ದೇನೆ. ಚೆಂಡು ಹದಿನೈದು ಗಜ ಹೆಚ್ಚು ಹೋಯಿತಂತೆ. ಹೋಗದೆ ಏನು! 1970ರ ದಶಕದ ಸೆವೆನ್ ಐರನ್ನಿನ ಲಾಫ್ಟ್ 36 ಡಿಗ್ರಿಯ ಆಸುಪಾಸಿನಲ್ಲಿತ್ತು. ಇಂದು ದೂರಕ್ಕೆಂದೇ ಮಾಡಿದ ಎಷ್ಟೋ ಸೆಟ್ಟುಗಳಲ್ಲಿ ಅದು 30ಕ್ಕಿಂತ ಕೆಳಗೆ. ಹಳೆಯ ಫೈವ್ ಐರನ್ನಿನ ಮುಖಕ್ಕೆ ಏಳು ಎಂದು ಕೆತ್ತಿದ ಲೆಕ್ಕ. ಪಿಚಿಂಗ್ ವೆಜ್ಜೂ ಹಾಗೇ ನೆಟ್ಟಗಾಗಿದೆ. ಅದರ ಕೆಳಗಿನ ಅಂತರ ತುಂಬಲು ಇನ್ನೊಂದು ವೆಜ್ ಬೇಕಾಗುತ್ತದೆ, ಬ್ಯಾಗಿನಲ್ಲಿ ಇರಬಹುದಾದ್ದು ಒಟ್ಟು 14 ಕ್ಲಬ್ಬು. ದೂರವೆಂಬುದು ಜಾಗಕ್ಕೂ ತಕ್ಕಂತೆ ಬದಲಾಗುವ ಮಾಯೆ: ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನ ತೆಳುಗಾಳಿಯಲ್ಲಿ ಗ್ರೀನು ದಾಟುವ ಹೊಡೆತ ಚೆನ್ನೈಯಲ್ಲಿ ಅಂಚಿಗೇ ನಿಂತುಬಿಡುತ್ತದೆ. ಐರನ್ನಿನಿಂದ ನನಗೆ ಬೇಕಾದ್ದು ಪ್ರತಿಸಲವೂ ಅಷ್ಟೇ ದೂರ.

ಹೊಸತರಲ್ಲಿ ಹುರುಳೇ ಇಲ್ಲವೆಂದು ಹೇಳಲಾರೆ. ಜನರಲ್ ಎಲೆಕ್ಟ್ರಿಕ್‌ನಲ್ಲಿ ಎಂಜಿನಿಯರ್ ಆಗಿದ್ದ ಕಾರ್ಸ್ಟೆನ್ ಸೋಲ್ಹೈಮ್ ಮನೆಯ ಗ್ಯಾರೇಜಿನಲ್ಲಿ ಪಿಂಗ್ ಶುರುಮಾಡಿ, ಐರನ್ನಿನ ಬೆನ್ನನ್ನು ಕೊರೆದು ತೂಕವನ್ನು ಅಂಚಿಗೆ ಸರಿಸಿದ ಮೇಲೆ ಮಧ್ಯಕ್ಕೆ ತಾಗದ ಹೊಡೆತವೂ ಮರ್ಯಾದೆಯಿಂದ ಹೋಗತೊಡಗಿತು. ಅವರ 1982ರ ಪಿಂಗ್ ಐ2 ಗಟ್ಟಿ ಸ್ಟೇನ್‌ಲೆಸ್ ಉಕ್ಕಿನ ಎರಕ. ಇವತ್ತಿಗೂ ಅದರಲ್ಲಿ ಆಡುವವರಿದ್ದಾರೆ. ಅಂಥ ನಿಜವಾದ ಜಿಗಿತ ಎಲ್ಲೋ ತಲೆಮಾರಿಗೊಮ್ಮೆ ಬರುತ್ತದೆ, ಹೊಸ ಬಣ್ಣ ಮಾತ್ರ ವರ್ಷ ಎರಡು ವರ್ಷಕ್ಕೊಮ್ಮೆ. ಬೆಲೆಯೋ, ಲಕ್ಷ ರೂಪಾಯಿ ದಾಟುವ ಸೆಟ್ಟುಗಳಿವೆ.

ನನ್ನ ಮಟ್ಟಿಗೆ ಸೆಟ್ ಬದಲಿಸಲು ಸರಿಯಾದ ಕಾರಣವೆಂದರೆ ಮೈ. ವಯಸ್ಸು ಅರವತ್ತರತ್ತ ನಡೆದಾಗ ಸೊಂಟ ಮೊದಲಿನಷ್ಟು ತಿರುಗುವುದಿಲ್ಲ, ಬೀಸು ನಿಧಾನವಾಗುತ್ತದೆ. 130 ಗ್ರಾಂ ತೂಗುವ ಉಕ್ಕಿನ ಶಾಫ್ಟು ಹದಿನಾಲ್ಕನೇ ಹೋಲಿನ ಹೊತ್ತಿಗೆ ಭಾರವೆನಿಸುತ್ತದೆ. ಆಗಲೂ ಕೇಳಬೇಕಾದ ಮೊದಲ ಪ್ರಶ್ನೆ, ಶಾಫ್ಟು ಮಾತ್ರ ಬದಲಿಸಿದರೆ ಸಾಕೇ ಎಂದು. ಹಗುರ ಉಕ್ಕು, ಇನ್ನೂ ಹಗುರ ಗ್ರಾಫೈಟ್ ಎರಡೂ ಇವೆ. ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ 1876ರ ಕಾಲದಲ್ಲಿ ಐರನ್ನಿಗೆ ಹಿಕ್ಕರಿ ಮರದ ಕೋಲು. ಕೋಲು ಮುರಿದರೆ ಹೊಸ ಕೋಲು ಕೂರಿಸಿ ಅದೇ ತಲೆಯಲ್ಲಿ ಆಡುತ್ತಿದ್ದರು. ಆ ಪದ್ಧತಿ ನನಗೆ ಇವತ್ತಿಗೂ ಹಿಡಿಸುತ್ತದೆ.

ಬದಲಿಸಲೇಬೇಕಾದಾಗ ಹಳೆಯ ಸೆಟ್ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಯೋಚಿಸಬೇಕು. 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಅಲಿ ಶೇರ್ ದೆಹಲಿಯಲ್ಲಿ ಕ್ಯಾಡಿಯಾಗಿದ್ದವರು. ನಮ್ಮ ದೇಶದ ಎಷ್ಟೋ ಒಳ್ಳೆಯ ಆಟಗಾರರು ಬೇರೆಯವರ ಬ್ಯಾಗ್ ಹೊತ್ತೇ ಆಟ ಕಲಿತವರು. ನಾವು ಸಾಕೆಂದು ಬಿಟ್ಟ ಸೆಟ್ಟು ಸೋಮವಾರ ಖಾಲಿ ಮೈದಾನದಲ್ಲಿ ಆಡುವ ಹುಡುಗನ ಕೈಯಲ್ಲಿ ಎಂಥ ಹೊಡೆತ ಹೊಡೆಯುತ್ತದೆ ಎಂದು ನಿಂತು ನೋಡಬೇಕು. ಮೂಲೆಯಲ್ಲಿ ತುಕ್ಕು ಹಿಡಿಸುವ ಮೊದಲೇ, ಗ್ರಿಪ್ ಹಾಕಿಸಿ, ಲಾಫ್ಟ್ ನೋಡಿಸಿ ಕೊಡುವುದು ಒಳ್ಳೆಯದು.

ಈ ಸಲ ಮಳೆಗಾಲಕ್ಕೆ ಮುಂಚೆ ನನ್ನ ಬ್ಯಾಗನ್ನು ಬಿಚ್ಚಿ ನೋಡಿಯಾಯಿತು. ಗ್ರಿಪ್ ಎಲ್ಲಕ್ಕೂ ಹೊಸದು ಬೇಕು. 56 ಡಿಗ್ರಿಯ ವೆಜ್ಜಿನ ಗೆರೆ ಮುಗಿದಿದೆ, ಅದನ್ನು ಬದಲಿಸುತ್ತೇನೆ. ಎಂಟನೆಯದು ಒಂದು ಡಿಗ್ರಿ ಸರಿದಿರುವ ಗುಮಾನಿಯಿದೆ. ಮಿಸ್ತ್ರಿಗೆ ಫೋನ್ ಮಾಡಿ ಶನಿವಾರಕ್ಕೆ ಹೇಳಿದ್ದೇನೆ. ಸೆವೆನ್ ಐರನ್ನಿಗೆ ಎಣ್ಣೆ ಬಟ್ಟೆ ಸಾಕು.